ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ನಾನು ಅನುಸರಿಸಿದ ಕ್ರಮ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ನಾನು ಬದಲಾಯಿಸಿದ ಯಂತ್ರ ಆರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಕೀಲಿಮಣೆ, ಪರದೆ, ಬ್ಯಾಟರಿ ಎಲ್ಲ ಸರಿಯಿರುವ ಇಂಥ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವುದು ತಪ್ಪು. ಅದಕ್ಕೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ ಹಾಕಿದೆ. ಇನ್‌ಸ್ಟಾಲ್ ಮಾಡುವ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೆಚ್ಚು ಹೊತ್ತು ಬೇಡುವುದು ಅದರ ಹಿಂದಿನ ತಯಾರಿ ಮತ್ತು ಆಮೇಲಿನ ಕನ್ನಡದ ವ್ಯವಸ್ಥೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನ ಪಾಲು ಅದೇ.

ಮಿಂಟ್ ಯಾಕೆಂದರೆ, ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ: ವಿಂಡೋಸ್ ಬಳಸಿದ ಕೈ ತಡಕಾಡಬೇಕಿಲ್ಲ. ಮಿಂಟ್ 22ರ ಸರಣಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಮಿಂಟ್‌ನಲ್ಲಿ ಮೂರು ಬಗೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 8 ಜಿಬಿ ರ‍್ಯಾಮ್ ಇದ್ದರೆ ಯೋಚಿಸದೆ ಸಿನಮನ್ ಆರಿಸಿ. 4 ಜಿಬಿ ಮಾತ್ರ ಇದ್ದರೆ ಎಕ್ಸ್‌ಎಫ್‌ಸಿಇ. ಆದರೂ ರ‍್ಯಾಮ್ ತಿನ್ನುವುದು ಬ್ರೌಸರ್. ಹತ್ತಿಪ್ಪತ್ತು ಟ್ಯಾಬ್ ತೆರೆದರೆ 4 ಜಿಬಿಯಲ್ಲಿ ಯಾವ ಬಗೆಯೂ ತೆವಳುತ್ತದೆ.

ಮೊದಲು, ಬದಲಾಯಿಸಬೇಕೇ ಬೇಡವೇ ಎಂಬುದನ್ನು ಮೂರು ವಿಷಯ ನೋಡಿ ನಿರ್ಧರಿಸಿ. ಮನೆಯಲ್ಲಿ ಯಾರಾದರೂ ಟ್ಯಾಲಿ ಬಳಸುತ್ತಿದ್ದರೆ, ಅದಕ್ಕೆ ಲಿನಕ್ಸ್ ಆವೃತ್ತಿ ಇಲ್ಲ. ತೆರಿಗೆ, ಟೆಂಡರ್ ಕೆಲಸಕ್ಕೆ ಯುಎಸ್‌ಬಿ ಟೋಕನ್‌ನ ಡಿಜಿಟಲ್ ಸಹಿ ಹಾಕುವವರು ವಿಂಡೋಸ್ ಒಂದನ್ನು ಉಳಿಸಿಕೊಳ್ಳುವುದೇ ಕ್ಷೇಮ. ಮೂರನೆಯದು ಪ್ರಿಂಟರ್. ಎಚ್‌ಪಿಯ ಬಹುಪಾಲು ಪ್ರಿಂಟರ್‌ಗಳಿಗೆ ಬೇಕಾದ ಎಚ್‌ಪ್ಲಿಪ್ ತಂತ್ರಾಂಶ ಲಿನಕ್ಸ್‌ನಲ್ಲಿ ಸಿಗುತ್ತದೆ. ಲೇಸರ್‌ಜೆಟ್ 1020, ಪಿ1007ನಂಥವುಗಳಿಗೆ ಮಾತ್ರ ಇನ್ನೊಂದು ಪ್ಲಗಿನ್ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರಿಂಟರ್ ಕಾಣುತ್ತದೆ, ಹಾಳೆ ಹೊರಬರುವುದಿಲ್ಲ. ವೈಫೈ ಇರುವ ಹೊಸ ಪ್ರಿಂಟರ್‌ಗಳು ಸಾಮಾನ್ಯವಾಗಿ ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ನಮ್ಮಲ್ಲಿ ಜೆರಾಕ್ಸ್ ಅಂಗಡಿಯಿಂದ ಮನೆಯವರೆಗೆ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತಲೆನೋವು. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ, ಹಳೆಯ ಲಿನಕ್ಸ್ ಡ್ರೈವರನ್ನು ಈಗಿನ ಆವೃತ್ತಿಗಳಲ್ಲಿ ಕೂರಿಸುವುದು ಹೊಸಬರ ಕೆಲಸವಲ್ಲ. ಆ ಪ್ರಿಂಟರ್ ಇದ್ದರೆ ಇದನ್ನು ತಿಳಿದೇ ಮುಂದುವರಿಯಿರಿ.

ವಿಂಡೋಸ್ ಇನ್ನೂ ಇರುವಾಗಲೇ ಮುಗಿಸಬೇಕಾದ ಒಂದು ಕೆಲಸವನ್ನು ಕನ್ನಡಿಗರು ಮರೆಯುತ್ತಾರೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪಿಸಿದ ಕಡತಗಳು ಯೂನಿಕೋಡ್ (ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಓದುವ ಅಕ್ಷರ ಸಂಕೇತ) ಅಲ್ಲ. ಅವುಗಳ ಒಳಗಿರುವುದು ಲ್ಯಾಟಿನ್ ಸಂಕೇತಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಮಿಂಟ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಫಾಂಟ್ ಕಡತವನ್ನು ತಂದು ಹಾಕಿದರೆ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ, ಆದರೆ ಹುಡುಕಲು ಆಗದು, ವಾಟ್ಸಾಪಿಗೆ ಅಂಟಿಸಲು ಆಗದು. ನುಡಿ, ಬರಹ ಎರಡರಲ್ಲೂ ಯೂನಿಕೋಡಿಗೆ ಬದಲಾಯಿಸುವ ಸೌಲಭ್ಯವಿದೆ. ವಿಂಡೋಸ್ ಇರುವಾಗಲೇ ಬೇಕಾದ ಕಡತಗಳನ್ನೆಲ್ಲ ಬದಲಾಯಿಸಿಕೊಳ್ಳಿ. ಮೂಲ ಕಡತವನ್ನೂ ಇಟ್ಟುಕೊಳ್ಳಿ: ಅರ್ಕಾವತ್ತು, ಒತ್ತಕ್ಷರ ಬರುವ ಕಡೆ ಪರಿವರ್ತನೆ ತಪ್ಪಿದರೆ ಹೋಲಿಸಿ ನೋಡಲು ಬೇಕಾಗುತ್ತದೆ.

ಇನ್ನು ಡಿಸ್ಕ್. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಪಕ್ಕದಲ್ಲಿ ಮಿಂಟ್ ಹಾಕುವುದನ್ನೇ ಎಲ್ಲರೂ ಮೊದಲು ಯೋಚಿಸುತ್ತಾರೆ. ನಾನು ಹಾಗೆ ಮಾಡಲಿಲ್ಲ. ಲ್ಯಾಪ್‌ಟಾಪಿನ ತಳ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದು, ಅದೇ ಜಾಗಕ್ಕೆ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಕೂರಿಸಿದೆ. ಲಾಭ ಎರಡು. ಹಳೆಯ ಯಂತ್ರ ನಿಧಾನವಾಗಿರುವುದಕ್ಕೆ ಮುಖ್ಯ ಕಾರಣ ತಿರುಗುವ ಡಿಸ್ಕು, ಅದು ಹೋಯಿತು. ವಿಂಡೋಸ್, ಫೋಟೊ, ಕಡತ ಎಲ್ಲ ಹಳೆಯ ಡಿಸ್ಕಿನಲ್ಲಿ ಇದ್ದ ಹಾಗೇ ಇವೆ. ಮಿಂಟ್ ಹಿಡಿಸದಿದ್ದರೆ ನಾಲ್ಕು ತಿರುಪು ಬಿಚ್ಚಿ ಅದನ್ನೇ ವಾಪಸ್ ಹಾಕಿದರಾಯಿತು. ಯುಎಸ್‌ಬಿಯಿಂದ ಸಾಟಾಗೆ ಜೋಡಿಸುವ ಕೇಬಲ್ ಒಂದನ್ನು ಕೊಂಡರೆ ಹಳೆಯ ಡಿಸ್ಕಿನಿಂದ ಕಡತಗಳನ್ನು ನಿಧಾನವಾಗಿ ನಕಲಿಸಿಕೊಳ್ಳಬಹುದು. ಡಿಸ್ಕ್ ಬಿಚ್ಚುವ ಮುನ್ನ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ನಿಜವಾಗಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಮಿಂಟ್ ಆ ಡಿಸ್ಕನ್ನು ಓದಬಹುದು, ಬರೆಯಲು ಒಪ್ಪುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ಎಂದೂ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ.

ಒಂದೇ ಡಿಸ್ಕ್ ಇರುವವರು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಸಿ ಡ್ರೈವ್ ಕುಗ್ಗಿಸಿ 100 ಜಿಬಿ ಖಾಲಿ ಬಿಡಿ. ಮಿಂಟ್ ಇನ್‌ಸ್ಟಾಲರಿನಿಂದಲೂ ಕುಗ್ಗಿಸಬಹುದು, ಆದರೆ ತನ್ನ ಕಡತಗಳು ಎಲ್ಲಿವೆ ಎಂದು ವಿಂಡೋಸಿಗೇ ಚೆನ್ನಾಗಿ ಗೊತ್ತು. ಅಷ್ಟು ಜಾಗ ಬಿಡಲಾಗದು ಎಂದು ವಿಂಡೋಸ್ ಹೇಳಿದರೆ ನಡುವೆ ಅಲುಗಾಡಿಸಲಾಗದ ಕಡತಗಳು ಕೂತಿವೆ ಎಂದರ್ಥ. ಹೈಬರ್ನೇಶನ್ ಮತ್ತು ಪೇಜ್ ಫೈಲನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಮತ್ತೆ ಪ್ರಯತ್ನಿಸಿ.

ಮಿಂಟ್ ಹಾಕಲು ಬೇಕಾದ ಪೆನ್‌ಡ್ರೈವ್ 8 ಜಿಬಿಯದು ಸಾಕು, ಮಿಂಟ್‌ನ ಐಎಸ್‌ಒ ಕಡತ (ಇಡೀ ವ್ಯವಸ್ಥೆಯನ್ನು ಅಡಕಿಸಿದ ಒಂದೇ ಕಡತ) 3 ಜಿಬಿ ಆಸುಪಾಸಿನದು. ಇಳಿಸಿಕೊಂಡ ಮೇಲೆ, ಕಡತ ಬದಲಾಗಿಲ್ಲವೆಂದು ತೋರಿಸುವ ಶಾ256 ಮೊತ್ತ ತಾಳೆ ನೋಡಿ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಕಡತದ ಮೇಲೆ ಬಲ ಕ್ಲಿಕ್ ಮಾಡಿದರೆ ಆ ಆಯ್ಕೆ ಸಿಗುತ್ತದೆ. ಬಂದ ಸಂಖ್ಯೆ ಮಿಂಟ್ ತಾಣದಲ್ಲಿ ಕೊಟ್ಟದ್ದಕ್ಕೆ ಅಕ್ಷರ ಬಿಡದಂತೆ ಹೊಂದಬೇಕು. ಇದು ಅತಿ ಎಚ್ಚರಿಕೆಯಲ್ಲ. 2016ರ ಫೆಬ್ರುವರಿಯಲ್ಲಿ ಮಿಂಟ್‌ನ ತಾಣಕ್ಕೇ ನುಗ್ಗಿ, ಹಿಂಬಾಗಿಲು ಸೇರಿಸಿದ ಐಎಸ್‌ಒಗೆ ಕೊಂಡಿ ಬದಲಾಯಿಸಿದ್ದರು. ಅರ್ಧ ಇಳಿದ ಕಡತವೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಪೆನ್‌ಡ್ರೈವಿಗೆ ಬರೆಯಲು ವಿಂಡೋಸ್‌ನಲ್ಲಿ ನಡೆಯುವ ರೂಫಸ್ ತಂತ್ರಾಂಶ ಬಳಸಿದೆ. ಬರೀ ನಕಲು ಮಾಡಿ ಅಂಟಿಸಿದರೆ ಅದರಿಂದ ಯಂತ್ರ ಶುರುವಾಗುವುದಿಲ್ಲ.

ಯಂತ್ರ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಬೂಟ್ ಮೆನುಗೆ, ಆನ್ ಮಾಡಿದ ಕೂಡಲೇ ಒತ್ತಬೇಕಾದ ಕೀಲಿ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಮೊದಲು ಎಫ್2 ಒತ್ತಿ ಬಯೋಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ಒಳಗೆ ಎಫ್12 ಮೆನುವನ್ನು ಆನ್ ಮಾಡಬೇಕಾಗಬಹುದು. ಪೆನ್‌ಡ್ರೈವಿನ ಹೆಸರು ಎರಡು ಸಲ ಕಂಡರೆ ಯುಇಎಫ್‌ಐ (ಯಂತ್ರ ಶುರುವಾಗುವ ಹೊಸ ಬಗೆ) ಎಂದು ಇರುವುದನ್ನೇ ಆರಿಸಿ. ವಿಂಡೋಸ್ ಒಂದು ಬಗೆಯಲ್ಲಿ, ಮಿಂಟ್ ಇನ್ನೊಂದು ಬಗೆಯಲ್ಲಿ ಶುರುವಾದರೆ ಎರಡನ್ನೂ ಒಂದೇ ಮೆನುವಿನಿಂದ ಆರಿಸಲು ಆಗುವುದಿಲ್ಲ. ಪರದೆ ಕಪ್ಪಾಗಿ ನಿಂತರೆ, ಮುಖ್ಯವಾಗಿ ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ ಇರುವಲ್ಲಿ, ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಪೆನ್‌ಡ್ರೈವಿನಿಂದಲೇ ಮಿಂಟ್ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ, ಡಿಸ್ಕಿಗೆ ಏನೂ ಬರೆಯದೆ. ಇಲ್ಲಿ ಅವಸರ ಬೇಡ. ವೈಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚುಕಮ್ಮಿ ಮಾಡುವ ಕೀಲಿ, ಪ್ರಿಂಟರ್ ಎಲ್ಲ ನೋಡಿ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆದು, ನಿದ್ದೆಯಿಂದ ಏಳುತ್ತದೆಯೇ ನೋಡಿ. ಇದನ್ನು ಪರೀಕ್ಷಿಸುವವರು ಕಡಿಮೆ, ಆಮೇಲೆ ಕಾಡುವುದು ಇದೇ. ಬ್ರಾಡ್‌ಕಾಮ್ ಬಿಸಿಎಂ43142 ವೈಫೈ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಮೊದಲಿಗೆ ಜಾಲವೇ ಕಾಣುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ. ಅದರಿಂದ ಡ್ರೈವರ್ ಮ್ಯಾನೇಜರ್ ಮೂಲಕ ವೈಫೈ ಡ್ರೈವರ್ ಹಾಕಿಕೊಳ್ಳಬಹುದು. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸಾಟಾ ವ್ಯವಸ್ಥೆ ‘ರೇಡ್’ ಅಥವಾ ‘ಆರ್‌ಎಸ್‌ಟಿ’ ಎಂದಿರುತ್ತದೆ, ‘ಎಎಚ್‌ಸಿಐ’ಗೆ ತರಬೇಕು. ಅದೇ ಡಿಸ್ಕಿನಲ್ಲಿ ವಿಂಡೋಸ್ ಉಳಿಸಿಕೊಳ್ಳುವವರು ಇದಕ್ಕೂ ಮೊದಲು ವಿಂಡೋಸನ್ನು ಸೇಫ್ ಮೋಡಿನಲ್ಲಿ ತೆರೆಯುವಂತೆ ಹೊಂದಿಸಿರಬೇಕು, ಇಲ್ಲವಾದರೆ ಅದು ನೀಲಿ ಪರದೆಯಲ್ಲಿ ನಿಲ್ಲುತ್ತದೆ.

ಇನ್‌ಸ್ಟಾಲ್ ಮಾಡುವಾಗ ಕೀಬೋರ್ಡ್ ಇಂಗ್ಲಿಷ್ ಯುಎಸ್ ಎಂದೇ ಬಿಡಿ. ಪಾಸ್‌ವರ್ಡ್ ಟೈಪಿಸುವಾಗ ಗೊಂದಲ ಆಗದು. ಹಾಡು, ವಿಡಿಯೊ ನಡೆಸಲು ಬೇಕಾದ ಮಲ್ಟಿಮೀಡಿಯಾ ಕೊಡೆಕ್‌ಗಳ ಚೌಕಕ್ಕೆ ಗುರುತು ಹಾಕಿ. ಖಾಲಿ ಎಸ್‌ಎಸ್‌ಡಿ ಆದ್ದರಿಂದ ನಾನು ‘ಡಿಸ್ಕ್ ಅಳಿಸಿ ಮಿಂಟ್ ಹಾಕು’ ಎಂಬುದನ್ನು ಆರಿಸಿದೆ. ಪಕ್ಕದಲ್ಲಿ ಹಾಕುವವರು ‘ವಿಂಡೋಸ್ ಜೊತೆಗೆ’ ಎಂಬ ಆಯ್ಕೆ ಕಾಣದಿದ್ದರೆ ಅಲ್ಲೇ ನಿಲ್ಲಿಸಿ, ಬೂಟ್ ಬಗೆ ತಪ್ಪಿದೆಯೇ ನೋಡಿ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ಮರುಶುರುವಾದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದನ್ನೇ ಕೊಡಬೇಕು. ಆ ಪರದೆ ಹತ್ತು ಸೆಕೆಂಡಿನಲ್ಲಿ ಮಾಯವಾಗುತ್ತದೆ. ತಪ್ಪಿಸಿಕೊಂಡರೆ ಎನ್‌ವಿಡಿಯಾ, ಬ್ರಾಡ್‌ಕಾಮ್ ಡ್ರೈವರ್‌ಗಳು ಕೆಲಸ ಮಾಡುವುದಿಲ್ಲ, ಕಾರಣವೂ ತಿಳಿಯುವುದಿಲ್ಲ.

ಎರಡೂ ವ್ಯವಸ್ಥೆ ಇಟ್ಟುಕೊಂಡವರಿಗೆ ಗಡಿಯಾರ ಐದೂವರೆ ಗಂಟೆ ತಪ್ಪಿ ತೋರಿಸುತ್ತದೆ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರವನ್ನು ಭಾರತದ ಸಮಯವೆಂದು ಓದುತ್ತದೆ, ಲಿನಕ್ಸ್ ಗ್ರೀನ್‌ವಿಚ್ ಸಮಯವೆಂದು ಓದುತ್ತದೆ. ಮಿಂಟ್‌ಗೆ ಸ್ಥಳೀಯ ಸಮಯ ಬಳಸುವಂತೆ ಹೇಳುವ ಒಂದು ಆದೇಶದಿಂದ ಸರಿಹೋಗುತ್ತದೆ.

ಈಗ ಕನ್ನಡ. ಓದಲು ನೋಟೊ ಫಾಂಟ್ ಸಾಕು. ಇನ್ನಷ್ಟು ಬೇಕಾದರೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು ಫಾಂಟ್‌ಗಳಿವೆ. ಟೈಪಿಸಲು ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ ‘ಕನ್ನಡ’ ಎಂದರೆ ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಕೀಲಿ ವಿನ್ಯಾಸ. ‘ಕನ್ನಡ, ಕಗಪ ಫೊನೆಟಿಕ್’ ಎಂಬುದೂ ಇದೆ, ಕಗಪ ಎಂದರೆ ನುಡಿಯಲ್ಲಿರುವ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ನುಡಿಯಲ್ಲಿ ಪಳಗಿದವರು ಸಂತೋಷದಿಂದ ಎರಡನೆಯದನ್ನು ಆರಿಸಿ ನಿರಾಶರಾಗುತ್ತಾರೆ. ಹಿಂದಿನ ಅಕ್ಷರ ವ್ಯಂಜನವೇ ಎಂದು ಆ ಲೇಔಟ್ ನೋಡುವುದಿಲ್ಲ. ಇಂಗ್ಲಿಷಿನ ಐ (i) ಕೀಲಿ ಒತ್ತಿದರೆ ಯಾವಾಗಲೂ ಗುಡಿಸೇ ಬರುತ್ತದೆ, ಪದದ ಮೊದಲಲ್ಲಿ ಇ ಬೇಕಾದರೆ ಬಲಗಡೆಯ ಆಲ್ಟ್ ಜೊತೆ ಒತ್ತಬೇಕು. ನುಡಿಯ ನಡವಳಿಕೆಯೇ ಬೇಕೆಂದರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ ಮತ್ತು ಐಬಸ್-ಎಂ17ಎನ್ ಪ್ಯಾಕೇಜುಗಳನ್ನು ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬನ್ನಿ. ಆಮೇಲೆ ಐಬಸ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ (ಕಗಪ) ಸೇರಿಸಿ. ಲಾಗೌಟ್ ಮಾಡದೆ ನೋಡಿದರೆ ಕೆಲವು ಕಿಟಕಿಗಳಲ್ಲಿ ಬರುತ್ತದೆ, ಕೆಲವುಗಳಲ್ಲಿ ಬರುವುದಿಲ್ಲ.

ಮಿಂಟ್‌ನಲ್ಲಿ ಎಂಎಸ್ ಆಫೀಸ್ ಬದಲಿಗೆ ಇರುವ ಲಿಬ್ರೆಆಫೀಸ್‌ನಲ್ಲಿ ಕನ್ನಡ ಟೈಪಿಸುವ ಮೊದಲು ಭಾಷೆಯ ಆಯ್ಕೆಗಳಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್’ ಆನ್ ಮಾಡಿ, ಅಲ್ಲಿ ಕನ್ನಡ ಆರಿಸಿ. ಲಿಬ್ರೆಆಫೀಸ್ ಕನ್ನಡಕ್ಕೆ ಮತ್ತು ಇಂಗ್ಲಿಷಿಗೆ ಬೇರೆ ಬೇರೆ ಫಾಂಟ್, ಬೇರೆ ಬೇರೆ ಗಾತ್ರ ಇಟ್ಟುಕೊಳ್ಳುತ್ತದೆ. ಗಾತ್ರ ಬದಲಾಯಿಸಿದರೂ ಕನ್ನಡ ಕದಲದೆ ನಿಲ್ಲುವುದು ಇದರಿಂದಲೇ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಫಾಂಟ್ ಬಳಸಿದ ಕಡತ ತೆರೆದಾಗ ಬೇರೆ ಫಾಂಟ್ ಬಂದು ಪುಟಗಳು ಮುಂದೆ ಹಿಂದೆ ಆಗುತ್ತವೆ. ಬೇರೆಯವರಿಗೆ ಅಂತಿಮ ಪ್ರತಿ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ.

ಮೊದಲ ದಿನವೇ ಅಪ್‌ಡೇಟ್ ಮ್ಯಾನೇಜರ್ ನಡೆಸಿ, ಫೈರ್‌ವಾಲ್ ಆನ್ ಮಾಡಿ. ಅದು ತಾನಾಗಿ ಆನ್ ಇರುವುದಿಲ್ಲ. ಟೈಮ್‌ಶಿಫ್ಟ್‌ನಲ್ಲಿ ವಾರಕ್ಕೊಂದು ಸ್ನ್ಯಾಪ್‌ಶಾಟ್ (ವ್ಯವಸ್ಥೆಯ ಆ ಹೊತ್ತಿನ ಪ್ರತಿ) ಇಟ್ಟುಕೊಳ್ಳುವಂತೆ ಮಾಡಿದರೆ, ಅಪ್‌ಡೇಟ್‌ನಿಂದ ಏನಾದರೂ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು. ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ. ನಿಮ್ಮ ಫೋಟೊ, ಪತ್ರ ಇರುವ ಹೋಮ್ ಫೋಲ್ಡರನ್ನು ಅದು ಬೇಕೆಂದೇ ಮುಟ್ಟುವುದಿಲ್ಲ, ಮುಟ್ಟುವಂತೆ ಬದಲಾಯಿಸಲೂ ಬೇಡಿ: ಹಿಂದಿನ ವಾರಕ್ಕೆ ಮರಳಿದಾಗ ಈ ವಾರ ಬರೆದದ್ದೂ ಅಳಿಸಿಹೋಗುತ್ತದೆ. ಹೋಮ್ ಫೋಲ್ಡರಿಗೆ ಬೇರೆ ಬ್ಯಾಕಪ್ ಟೂಲ್ ಮಿಂಟ್‌ನಲ್ಲೇ ಇದೆ. ಅದರ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ.