ಮಾನಸಿಕ ಕಾಯಿಲೆಗೂ ಯುಡಿಐಡಿ ಕಾರ್ಡ್: ಮಾಡಿಸುವುದು ಹೇಗೆ?

ಮನೆಯಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ಬಹಳ ವರ್ಷದಿಂದ ಇರುವವರು ಇದ್ದಾರಾ? ಮಾಸಾಶನ ಇರಲಿ, ಉದ್ಯೋಗ ಮೀಸಲಾತಿ ಇರಲಿ, ಮೊದಲು ಕೇಳುವುದು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ‘ಕೈಕಾಲು ಗಟ್ಟಿ ಇದೆಯಲ್ಲ, ಇವರಿಗ್ಯಾಕೆ?’ ಅನ್ನುವವರು ಕಚೇರಿಗಳಲ್ಲೂ ಸಿಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ ಎಂದು ಹೇಳಿ, ವಾದಕ್ಕೆ ನಿಲ್ಲಬೇಡಿ.

ಎರಡಕ್ಕೂ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ ಹಾಕಿ ಅರ್ಜಿ ಸಲ್ಲಿಸಿ. ಆನ್‌ಲೈನ್ ಕಷ್ಟ ಅನ್ನಿಸಿದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರನ್ನು ಹಿಡಿಯಿರಿ. ಅವರು ಇರುವುದೇ ಇದಕ್ಕೆ.

ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಜಾಸ್ತಿ ಜನ ಎಡವುವುದು ಇಲ್ಲೇ. ‘ಐಡಿಯಾಸ್’ ಅನ್ನುವ ಅಳತೆಯಲ್ಲಿ ವೈದ್ಯರು ನಾಲ್ಕು ಸಂಗತಿ ನೋಡುತ್ತಾರೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4 ಅಂಕ (ತೊಂದರೆ ಜಾಸ್ತಿ ಇದ್ದಷ್ಟೂ ಅಂಕ ಜಾಸ್ತಿ), ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೂ ಅಂಕ. ಒಟ್ಟು 7 ಆದರೆ, ಸೌಲಭ್ಯಗಳಿಗೆ ಬೇಕಾದ ಶೇ 40 ವೈಕಲ್ಯದ ಗೆರೆ ಮುಟ್ಟಿದಂತೆ. ಮನೆಯವರೋ, ಅವತ್ತು ಬೆಳಿಗ್ಗೆ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ ಕರೆದುಕೊಂಡು ಹೋಗಿ, ಡಾಕ್ಟರ್ ಕೇಳಿದ ಕೂಡಲೇ ಮರ್ಯಾದೆಗೆ ಅಂಜಿ ‘ಈಗ ಪರವಾಗಿಲ್ಲ ಸಾರ್’ ಅಂದುಬಿಡುತ್ತಾರೆ! ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದಿಡಿ: ಯಾರೂ ಹೇಳದೆ ಸ್ನಾನಕ್ಕೆ ಹೋಗುತ್ತಾರಾ, ಅಂಗಡಿಯಿಂದ ಚಿಲ್ಲರೆ ಸರಿಯಾಗಿ ತರುತ್ತಾರಾ, ಕೊನೆಯ ಕೆಲಸದಲ್ಲಿ ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು. ಇಲ್ಲದ್ದನ್ನು ಸೇರಿಸಬೇಡಿ, ಇದ್ದದ್ದನ್ನು ಮುಚ್ಚಬೇಡಿ. ಹಳೇ ಚೀಟಿ, ಡಿಸ್ಚಾರ್ಜ್ ಸಮರಿ ಎಲ್ಲ ಜತೆಗಿರಲಿ, ಮೊದಲ ವರ್ಷದ್ದಂತೂ ಬೇಕೇ ಬೇಕು.

ಶೇ 40 ಅಥವಾ ಅದಕ್ಕಿಂತ ಜಾಸ್ತಿ ಬಂತಾ? ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ತೆರಿಗೆ ಕಟ್ಟುವವರಿಗೆ ಹಳೇ ಪದ್ಧತಿಯಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ, ವೈಕಲ್ಯ ಶೇ 80 ಮುಟ್ಟಿದರೆ 1,25,000.

ಇನ್ನು ಕೆಲಸ. ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲು ಅಂತ ಕೇಳಿ ಹಿಗ್ಗಬೇಡಿ. ಅದರಲ್ಲಿ ಮಾನಸಿಕ ಕಾಯಿಲೆ, ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಬಹುವೈಕಲ್ಯ ಇವಕ್ಕೆಲ್ಲ ಸೇರಿ ಇರುವುದು ಶೇ 1 ಮಾತ್ರ. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಸುಮ್ನೆ ಕೂರಬೇಡಿ. ಈಗಾಗಲೇ ಸರ್ಕಾರಿ ಕೆಲಸದಲ್ಲಿದ್ದು, ಕಾಯಿಲೆಯಿಂದ ವೈಕಲ್ಯ ಬಂದವರನ್ನು ಆ ಕಾರಣಕ್ಕೆ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಅದೇ ಕಾಯ್ದೆಯ 20ನೇ ಸೆಕ್ಷನ್ ನೋಡಿ. ಕಾಯಿಲೆ ಜೋರಾಗಿರುವಾಗ ರಾಜೀನಾಮೆಗೆ ಸಹಿ ಮಾತ್ರ ಹಾಕಿಸಬೇಡಿ. ಯಾರಾದರೂ ಒತ್ತಾಯಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಂಗವಿಕಲರಿಗೆ ಅಲ್ಲಿ ವಕೀಲರ ನೆರವು ಉಚಿತ.