ಸಿಸೆರೊನ ಗಡಿಪಾರು ಪತ್ರಗಳು: ಕಣ್ಣೀರನ್ನು ಓದುವ ಬಗೆ

ಬೀದರಿನವರಿಗೆ ಪತ್ರದ ಬಲವನ್ನು ಹೊಸದಾಗಿ ಹೇಳಬೇಕಿಲ್ಲ. ಇಲ್ಲಿನ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಪತ್ರ ಬರೆಯುವ ಕಲೆಗೆ ಶಾಸ್ತ್ರವನ್ನೇ ಬರೆದವನು. 1481ರಲ್ಲಿ ಅವನ ತಲೆ ಹೋದದ್ದೂ ಒಂದು ಖೊಟ್ಟಿ ಪತ್ರದಿಂದ. ಓದುಕೂಟಕ್ಕೋ ಸೆಮಿನಾರಿಗೋ ರೋಮಿನ ವಾಗ್ಮಿ, ರಾಜಕಾರಣಿ ಸಿಸೆರೊ ಗಡಿಪಾರಿನಲ್ಲಿ ಬರೆದ ಪತ್ರಗಳನ್ನು ಆರಿಸಿಕೊಂಡವರು ಆ ಎಚ್ಚರದಿಂದಲೇ ಕೂತರೆ ಒಳ್ಳೆಯದು.

ಮೊದಲು ಅರ್ಧ ಹಾಳೆಯಲ್ಲಿ ಹಿನ್ನೆಲೆ ಬರೆದಿಟ್ಟುಕೊಳ್ಳಿ. ಕ್ರಿ.ಪೂ. 63ರಲ್ಲಿ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಆಗಿದ್ದಾಗ ಸಿಸೆರೊ, ಸರ್ಕಾರ ಉರುಳಿಸಲು ಸಂಚು ಹೂಡಿದ ಕಟಿಲೈನನ ಸಂಗಡಿಗರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ. 58ರಲ್ಲಿ ಅವನ ರಾಜಕೀಯ ವೈರಿ ಕ್ಲೋಡಿಯಸ್ ಅದನ್ನೇ ಹಿಡಿದು, ಹಾಗೆ ಕೊಲ್ಲಿಸಿದವರನ್ನು ಗಡಿಪಾರು ಮಾಡುವ ಕಾನೂನು ತಂದ; ಸಿಸೆರೊ ಮಾರ್ಚ್‌ನಲ್ಲಿ ಊರು ಬಿಟ್ಟ, ಅವನ ಮನೆ ಕೆಡವಿದರು. 57ರ ಸೆಪ್ಟೆಂಬರ್ 4ಕ್ಕೆ ರೋಮಿಗೆ ಮರಳಿದ.

ಈ ಅವಧಿಯಲ್ಲಿ ಗೆಳೆಯ ಅಟಿಕಸ್‌ಗೆ ಬರೆದವು 27, ಹೆಂಡತಿ ತೆರೆನ್ಷಿಯಾಗೆ 4, ತಮ್ಮ ಕ್ವಿಂಟಸ್‌ಗೆ 2. ಎಲ್ಲವನ್ನೂ ಓದಲು ಹೋದರೆ ಅಳುವೊಂದೇ ಕೇಳಿಸಿ ತಲೆ ಮರಗಟ್ಟುತ್ತದೆ. ಒಬ್ಬೊಬ್ಬರಿಗೆ ಬರೆದದ್ದು ಒಂದೊಂದು ಸಾಕು. ನೋಟುಬುಕ್ಕಿನಲ್ಲಿ ನಾಲ್ಕು ಅಂಕಣ ಗೆರೆ ಹಾಕಿ: ಯಾರಿಗೆ, ಯಾವ ಭಾವ, ಮಾತಿನ ಯಾವ ವರಸೆ, ಕೇಳುತ್ತಿರುವುದೇನು. ನಾಲ್ಕನೆಯದು ಖಾಲಿ ಉಳಿದರೆ ಪತ್ರವನ್ನು ಮತ್ತೆ ಓದಿ.

ಕ್ವಿಂಟಸ್‌ಗೆ 58ರ ಜೂನ್‌ನಲ್ಲಿ ಥೆಸಲೊನಿಕದಿಂದ ಬರೆದದ್ದು ಶುರುವಾಗುವುದೇ ‘ನನ್ನ ತಮ್ಮಾ’ ಎಂದು ಮೂರು ಸಲ ಕರೆಯುತ್ತ. ಸುಮ್ಮನೆ ಕರೆದದ್ದಲ್ಲ. ರೋಮಿನ ಏಷ್ಯಾ ಪ್ರಾಂತ್ಯದ (ಇಂದಿನ ಪಶ್ಚಿಮ ತುರ್ಕಿ) ಆಡಳಿತ ಮುಗಿಸಿ ಬರುತ್ತಿದ್ದ ತಮ್ಮನನ್ನು ಅಣ್ಣ ಭೇಟಿಯಾಗಿರಲಿಲ್ಲ. ಸಿಟ್ಟಾಗಿದ್ದಾನೆಂದು ತಮ್ಮ ತಿಳಿಯಬಾರದು. ಅದಕ್ಕೇ, ಭೇಟಿಯಾಗಿದ್ದರೆ ‘ನೀನು ಉಸಿರಾಡುವ ಹೆಣವೊಂದರ ಛಾಯೆಯನ್ನು ಕಾಣುತ್ತಿದ್ದೆ’ ಎಂಬ ಮಾತು. ಮುಂದೆ, ಮಕ್ಕಳನ್ನು ನಿನಗೆ ಒಪ್ಪಿಸುವುದೇಕೆ ಎಂದು ಕೇಳುತ್ತಾನೆ. ಕೇಳುತ್ತಲೇ ಒಪ್ಪಿಸಿಬಿಡುತ್ತಾನೆ! ಈ ವರಸೆಯ ಕೆಳಗೆ ಎರಡು ಗೆರೆ ಎಳೆಯಿರಿ.

ಆಗಸ್ಟ್ 17ರಂದು ಅಟಿಕಸ್‌ಗೆ ಬರೆದದ್ದರಲ್ಲಿ ‘ಕುರುಡರು, ಕುರುಡರಾಗಿದ್ದೆವು’ ಎಂಬ ಹಳಹಳಿಕೆಯಿದೆ. ನೀನು ಪ್ರೀತಿಸಿದೆ, ಸಮಯಕ್ಕೆ ಬುದ್ಧಿ ಹೇಳಲಿಲ್ಲ ಎಂಬ ಆಕ್ಷೇಪವೂ ಇದೆ. ತಪ್ಪಿನ ಭಾರ ಗೆಳೆಯನ ಹೆಗಲಿಗೂ ಬಿದ್ದರೆ ಸಿಸೆರೊನನ್ನು ಮರಳಿ ಕರೆಸಲು ಅವನು ಇನ್ನಷ್ಟು ಓಡಾಡುತ್ತಾನೆ. ತೆರೆನ್ಷಿಯಾಗೆ ನವೆಂಬರಿನಲ್ಲಿ ಬರೆದದ್ದರಲ್ಲಿ ಬೇಡಿಕೆ ಇನ್ನೂ ಬಿಚ್ಚಿಟ್ಟಂತಿದೆ: ಆಸ್ತಿ ಮಾರಬೇಡ, ಪಾಪ ಮಗನ ಗತಿಯೇನು?

ಸಾಮಾನ್ಯವಾಗಿ ಓದುಗರು ಎಡವುವುದು ಎರಡು ಕಡೆ. ಇಷ್ಟೆಲ್ಲ ವರಸೆ ಕಂಡಮೇಲೆ ‘ಇದು ಬರೀ ನಾಟಕ’ ಎಂದುಬಿಡುವುದು ಒಂದು. ನಮ್ಮ ಕಡೆ ಸತ್ತವರ ಮುಂದೆ ಹಾಡ್ಯಾಡಿಕೊಂಡು ಅಳುವ ಹೆಂಗಸರನ್ನು ನೆನೆಯಿರಿ. ಅಳುವಿಗೆ ಧಾಟಿಯಿದೆ, ಮಂದಿ ಬಂದಾಗ ದನಿ ಏರುತ್ತದೆ. ಅಷ್ಟಕ್ಕೇ ದುಃಖ ಸುಳ್ಳಲ್ಲ. ಇನ್ನೊಂದು, ಮರಳಿದ ಮೇಲಿನ ಭಾಷಣಗಳನ್ನು ಪತ್ರಗಳ ಜೊತೆ ಬೆರೆಸುವುದು. ಭಾಷಣದಲ್ಲಿ ಅವನು ರಕ್ತಪಾತ ತಪ್ಪಿಸಲು ತಾನೇ ಹೊರಟ ತ್ಯಾಗಿ. ಪತ್ರದಲ್ಲಿ ಊರು ಬಿಟ್ಟದ್ದೇ ತಪ್ಪಾಯಿತೆಂದು ಕೊರಗುವವ. ಇವೆರಡನ್ನೂ ಬೇರೆ ಹಾಳೆಗಳಲ್ಲಿ ಬರೆದು ಪಕ್ಕಪಕ್ಕ ಇಟ್ಟೇ ಮಾತಾಡಿ. ಅಟಿಕಸ್ ಬರೆದ ಉತ್ತರಗಳು ಉಳಿದಿಲ್ಲ. ಅವನ ಪರವಾಗಿ ನೀವೇ ಊಹಿಸಿ ಮಾತು ತುಂಬಬೇಡಿ.