ಕಾಳಿ ನದಿಯ ಆರು ತುಂಡುಗಳು

ಶಿರಸಿಯ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಅಡಿಕೆ ತೋಟದ ಮನೆಗಳ ಮಕ್ಕಳ ಜೊತೆಗೆ, ಯಲ್ಲಾಪುರದ ಕಾಡಿನ ಊರುಗಳಿಂದ ಬಂದು ಹಾಸ್ಟೆಲಿನಲ್ಲಿ ಉಳಿದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳೂ ಇದ್ದರು. ಒಂದೇ ಕೋಣೆಯಲ್ಲಿ ವರ್ಷ ಕಳೆದರೂ "ಅವರಿಗೆ ಡಮಾಮಿ ಡೋಲು ಬಾರಿಸಲು ಬರುತ್ತದೆ, ಪಾಠ ಬರುವುದಿಲ್ಲ" ಎಂಬ ಮಾತು ನಿಂತಿರಲಿಲ್ಲ. ಅವರನ್ನು ವಾರ್ಷಿಕೋತ್ಸವದ ವೇದಿಕೆಗೆ ಮಾತ್ರ ಮುಂದೆ ಕರೆದು ಆ ಮಾತನ್ನು ಗಟ್ಟಿ ಮಾಡಿದವರು ಶಿಕ್ಷಕರಾದ ನಾವೇ.

ಮೊದಲು ನಾನು ಜಾಣರೆನಿಸಿಕೊಂಡ ಮಕ್ಕಳನ್ನು ಅವರ ಪಕ್ಕ ಕೂರಿಸಿ ಹೇಳಿಕೊಡಲು ತಿಳಿಸಿದೆ. ಅದು ತಪ್ಪಾಯಿತು. ಹೇಳಿಕೊಡುವವರು ಯಾವಾಗಲೂ ಒಂದೇ ಕಡೆಯವರಾದಾಗ ತಾತ್ಸಾರ ಇನ್ನಷ್ಟು ಬೇರುಬಿಟ್ಟಿತು. ಬರೀ ಒಡನಾಟ ಸಾಲದು, ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಮೇಲಿನವರ ಬೆಂಬಲ ಬೇಕು ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಾದಿಸಿದ್ದರು. ನನ್ನ ಏರ್ಪಾಡಿನಲ್ಲಿ ಮೊದಲನೆಯದೇ ಇರಲಿಲ್ಲ.

ಆಮೇಲೆ, ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದ ಜಿಗ್‌ಸಾ ಕ್ರಮವನ್ನು ಹಿಡಿದೆ. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ ಕಾಳಿ ನದಿಯ ಪಾಠವನ್ನು ಆರು ತುಂಡು ಮಾಡಿ, ಆರು ಮಕ್ಕಳ ಪ್ರತಿ ಗುಂಪಿನಲ್ಲೂ ಒಬ್ಬೊಬ್ಬರಿಗೆ ಒಂದೊಂದನ್ನೇ ಕೊಟ್ಟೆ. ಬೇರೆ ಬೇರೆ ಗುಂಪುಗಳಲ್ಲಿ ಅದೇ ತುಂಡು ಸಿಕ್ಕವರು ಮೊದಲು ಒಟ್ಟಾಗಿ ಕೂತು ಅಭ್ಯಾಸ ಮಾಡಿ, ಅನಂತರ ತಮ್ಮ ಗುಂಪಿಗೆ ಮರಳಿ ಕಲಿಸಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ.

ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ತುಂಡು ಸಿಕ್ಕಿದ್ದು ಮನೆಯಲ್ಲಿ ಕೊಂಕಣಿ ಆಡುವ ಒಬ್ಬ ಸಿದ್ದಿ ಹುಡುಗನಿಗೆ. ಕನ್ನಡದ ಎರಡನೇ ವಾಕ್ಯಕ್ಕೇ ತಡವರಿಸಿದ ಅವನು ಬೆಂಚಿನ ಮೇಲೆ ಸೀಮೆಸುಣ್ಣದಿಂದ ನದಿಯ ಗೆರೆ ಎಳೆದು, ಸುಣ್ಣದ ತುಂಡನ್ನೇ ಅಡ್ಡ ಇಟ್ಟು, ಅದರ ಹಿಂದೆ ಅಂಗೈಯಿಂದ ಉಜ್ಜಿ ಹಿನ್ನೀರು ಹರಡಿಸಿದ. "ಹಳೇ ಸೂಪಾ ಊರು ಇದರ ಅಡಿಯಲ್ಲಿದೆ" ಎಂದ. ಎದುರಿಗಿದ್ದ ತೋಟದ ಮನೆಯ ಹುಡುಗಿ ಪುಸ್ತಕ ಮಡಚಿಟ್ಟು ಬಗ್ಗಿ ನೋಡಿ, "ಅಲ್ಲಿದ್ದವರು ಎಲ್ಲಿಗೆ ಹೋದರು?" ಎಂದು ಕೇಳಿದಳು. ನಾನು ದೂರದಲ್ಲೇ ನಿಂತೆ.

ಕೆಲವು ವಾರಗಳ ನಂತರ ಅದೇ ಹುಡುಗಿ ನನ್ನ ಬಳಿ, "ಇವನು ಬೇರೆ, ಉಳಿದವರ ಹಾಗಲ್ಲ" ಎಂದಳು. ಸ್ನೇಹ ಒಬ್ಬನಿಗೆ ದಕ್ಕಿತ್ತು, ಅವನ ಜನಕ್ಕಲ್ಲ. ಅಂದಿನಿಂದ ಪ್ರತಿ ತಿಂಗಳೂ ಗುಂಪುಗಳನ್ನು ಬದಲಿಸುತ್ತಿದ್ದೇನೆ.